ಕೆರೆ ನೀರಿನ ಜಮಾ-ಖರ್ಚು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿವಸ ತಾವು ಯಾವ ವಿಷಯದ ಮೇಲೆ ಮಾತಾಡ್ತೀರಿ ಅಂತ ಕಾರ್ಯದರ್ಶಿಗಳು ಕೇಳಿದಾಗ ನಾವು "ಕೆರೆ ನೀರಿನ ಬಗ್ಗೆ" ಅಂದೆವು. ಅವರು ನಕ್ಕು, "ಅಲ್ರೀ, ಸಂಘದ ಹಬ್ಬದಾಗ ಕೆರೀ ಸುದ್ದಿ ಯಾಕ್ರಿ?" ಅಂದರು. ಅದಕ್ಕೆ ಉತ್ತರವೇ ಇವತ್ತಿನ ಈ ಭಾಷಣ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ವಿಜ್ಞಾನದ ಪಂಡಿತರಲ್ಲ. ತಿಳಿದವರನ್ನು ಕೇಳಿ, ಪುಸ್ತಕ ನೋಡಿ, ಕಣ್ಣಾರೆ ಕಂಡು ತಿಳಿದುಕೊಂಡಷ್ಟನ್ನು ತಮ್ಮ ಮುಂದೆ ಇಡುತ್ತೇವೆ. ತಪ್ಪಿದ್ದರೆ ತಿದ್ದಬೇಕು.

ಸಹಕಾರ ಅನ್ನುವುದು ನಮ್ಮ ಸೀಮೆಗೆ ಹೊಸದಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಒಬ್ಬನಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆದೀತು ಅನ್ನುವುದೇ ಅದರ ತಿರುಳು. ಆದರೆ ಅದಕ್ಕೂ ನೂರಾರು ವರ್ಷ ಮೊದಲೇ ನಮ್ಮ ಹಿರಿಯರು ಕೂಡಿ ಮಾಡಿದ ಕೆಲಸ ಒಂದಿತ್ತು, ಅದು ಕೆರೆ. ಹಿರೇಕೆರೂರು ಅನ್ನುವ ಹೆಸರಿನಲ್ಲೇ ಕೆರೆ ಕೂತಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ನಮ್ಮ ಬಂಕಾಪುರದ ಸುತ್ತಿನ ಹಳ್ಳಿಗಳು, ಎಲ್ಲಿ ಹೋದರೂ ಊರಿಗೊಂದು ಕೆರೆ, ಕೆರೆಗೊಂದು ಕೋಡಿ. ಅದು ಒಬ್ಬರ ಆಸ್ತಿ ಅಲ್ಲ, ಊರ ಆಸ್ತಿ.

ಈಗ ಆ ಕೆರೆಯಲ್ಲಿ ಆದ ಒಂದು ಸಂಗತಿ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ಮುಗಿದು ರೋಹಿಣಿ ಮಳೆಗೆ ಕಾಯುವ ದಿವಸಗಳು. ಕೆರೆಯಲ್ಲಿ ನೀರು ಕಮ್ಮಿ ಆಗಿತ್ತು. ಎರಡು ಮೂರು ದಿವಸ ಮೋಡ ಮುಚ್ಚಿ ಗಾಳಿ ಇಲ್ಲದೆ ಧಗೆ ಹತ್ತಿತ್ತು. ಒಂದು ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋದ ಹುಡುಗ ಓಡಿ ಬಂದು, "ಕಾಕಾ, ಕೆರ್‍ಯಾಗ ಮೀನೆಲ್ಲಾ ಸತ್ತಾವ" ಅಂದ. ಹೋಗಿ ನೋಡಿದರೆ ದಂಡೆಗುಂಟ ಕಾಟ್ಲಾ, ರೋಹು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಜೀವ ಇದ್ದವು ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ಕೆರೆಯನ್ನು ಗುತ್ತಿಗೆ ಹಿಡಿದವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮರಿ ಬಿಡಲು ಮಾಡಿದ ಸಾಲ ಇನ್ನೂ ಹಾಗೇ ಇತ್ತು.

ಊರಲ್ಲಿ ಒಂದೇ ಮಾತು: "ಯಾರೋ ವಿಷ ಹಾಕ್ಯಾರ." ಹಿಂದಿನ ಲಿಲಾವಿನಲ್ಲಿ ಕೆರೆ ಸಿಗದೆ ಹೋದವರ ಮೇಲೆ ಬೆರಳು ತಿರುಗಿತು. ಸಂಘದ ಕಟ್ಟೆಯ ಮೇಲೆ ಕೂತು ನಾವೂ ಅದೇ ಮಾತು ಆಡಿದೆವು. ಇದನ್ನು ಮುಚ್ಚಿಟ್ಟರೆ ಈ ಭಾಷಣಕ್ಕೆ ಬೆಲೆ ಇಲ್ಲ. ಮಾತಿಗೆ ಮಾತು ಬೆಳೆದು ಸಂಜೆಯೊಳಗೆ ಬಡಿಗೆ ಹಿಡಿಯುವ ತನಕ ಬಂದಿತ್ತು.

ಮೀನುಗಾರಿಕೆಯ ತಿಳಿವಳಿಕೆ ಇದ್ದ ಅಧಿಕಾರಿಯೊಬ್ಬರು ಬಂದರು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಚೇಳುಮೀನು ಸತ್ತಾವೇನು?" ನೋಡಿದರೆ ಒಂದೂ ಸತ್ತಿರಲಿಲ್ಲ, ಕೆಸರಲ್ಲಿ ಆರಾಮ ಇದ್ದವು. ಅವರು ಹೇಳಿದರು: "ವಿಷ ಆಗಿದ್ದರೆ ಅವೂ ಸಾಯಬೇಕಿತ್ತು. ಚೇಳುಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ಕಾಟ್ಲಾಕ್ಕೆ ಅದು ಬರುವುದಿಲ್ಲ. ಸತ್ತದ್ದು ಬೆಳಗಿನ ಜಾವ, ಅದರಲ್ಲೂ ದೊಡ್ಡ ಮೀನೇ ಹೆಚ್ಚು. ಇದು ಉಸಿರು ಕಟ್ಟಿದ ಸಾವು."

ಮರುದಿವಸ ಕೋಳಿ ಕೂಗುವ ಹೊತ್ತಿಗೆ ನಮ್ಮನ್ನು ಕರಕೊಂಡು ಹೋಗಿ ಬಾಟ್ಲಿಯಲ್ಲಿ ನೀರು ಹಿಡಿದು ಎರಡು ಔಷಧ ಹಾಕಿದರು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕೂಡ್ರಬೇಕು, ಇಲ್ಲದಿದ್ದರೆ ಬಿಳಿ. ನಮ್ಮ ಬಾಟ್ಲಿಯಲ್ಲಿ ಕೂತದ್ದು ಬಿಳಿ ಗಷ್ಟು. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅದೇ ಜಾಗದ ನೀರು ಹಿಡಿದರೆ ಕಂದು ಬಂತು. ಅದೇ ಕೆರೆ, ಅದೇ ನೀರು, ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಆವಾಗಿನಿಂದ ನಮಗೆ ಈ ವಿಷಯದ ಗುಂಗು ಹಿಡಿಯಿತು.

ಬಂಧುಗಳೆ, ಕೆರೆಯ ನೀರು ಬರಿ ನೀರಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ತೇಲಾಡುತ್ತವೆ. ಅವಕ್ಕೆ ಪ್ಲವಕ ಅನ್ನುತ್ತಾರೆ. ಇವುಗಳಲ್ಲಿ ಎರಡು ಬಗೆ. ಒಂದು ಸಸ್ಯಪ್ಲವಕ, ಅಂದರೆ ಸೂಕ್ಷ್ಮ ಪಾಚಿ. ಹಸಿರು ಪಾಚಿ, ನೀಲಿ-ಹಸಿರು ಪಾಚಿ, ಮರಳಿನ ಅಂಶದ ಚಿಪ್ಪು ಹೊತ್ತ ಡಯಾಟಮ್ ಎಲ್ಲ ಇದರೊಳಗೆ ಬಂದವು. ಹೊಲದ ಬೆಳೆಯ ಹಾಗೆ ಇವು ಬಿಸಿಲು ತಿಂದು ಬೆಳೆಯುತ್ತವೆ. ಇನ್ನೊಂದು ಪ್ರಾಣಿಪ್ಲವಕ. ನೀರುಚಿಗಟ ಅಂತ ಕರೆಯುವ ಡಾಫ್ನಿಯಾ, ಒಂಟಿಗಣ್ಣಿನ ಸೈಕ್ಲಾಪ್ಸ್, ಚಕ್ರ ತಿರುಗಿದಂತೆ ಬಾಯಿ ಆಡಿಸುವ ರೋಟಿಫರ್. ಇವು ಆ ಪಾಚಿಯನ್ನು ಮೇಯುವ ದನಗಳು ಇದ್ದಂತೆ. ಮೇಲ್ಪದರಿನ ಕಾಟ್ಲಾ ಹೆಚ್ಚಾಗಿ ಪ್ರಾಣಿಪ್ಲವಕ ತಿನ್ನುತ್ತದೆ, ಬೆಳ್ಳಿಗೆಂಡೆ ಸಸ್ಯಪ್ಲವಕ ಸೋಸಿ ತಿನ್ನುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ತಿನ್ನುತ್ತದೆ. ಪ್ಲವಕ ಇಲ್ಲದ ಕೆರೆ ಮೇವಿಲ್ಲದ ಗೋಮಾಳ. ಅಷ್ಟೇ ಅಲ್ಲ, ಭೂಮಿಯ ಮೇಲೆ ಹಸಿರು ಜೀವಿಗಳು ಬಿಡುವ ಆಮ್ಲಜನಕದ ಅರ್ಧದಷ್ಟು ಸಮುದ್ರದ ಇಂಥ ಪ್ಲವಕಗಳಿಂದಲೇ ಹುಟ್ಟುತ್ತದೆ.

ಇವು ಮನುಷ್ಯರಿಗೂ ಹತ್ತಿರದವು. ಇಲ್ಲಿ ಕೂತ ಅಜ್ಜಂದಿರಿಗೆ, ಅಮ್ಮಂದಿರಿಗೆ ನಾರುಹುಣ್ಣು ಗೊತ್ತಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಲಿನಿಂದ ಮೊಳ, ಎರಡು ಮೊಳ ಉದ್ದದ ಹುಳ ಹೊರಬರುತ್ತಿತ್ತು. ಅದು ದೇವರ ಶಾಪ ಅಲ್ಲ. ಹುಳದ ಮರಿಯನ್ನು ಸೈಕ್ಲಾಪ್ಸ್ ನುಂಗುತ್ತಿತ್ತು, ಬಾವಿಗಿಳಿದು ತುಂಬಿ ತಂದ ನೀರಿನ ಜತೆ ಸೈಕ್ಲಾಪ್ಸನ್ನು ನಾವು ನುಂಗುತ್ತಿದ್ದೆವು. ಸುಮಾರು ಒಂದು ವರ್ಷದ ಮೇಲೆ ಹುಳ ಹೊರಗೆ ಬರುತ್ತಿತ್ತು. ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು, ಮೆಟ್ಟಿಲ ಬಾವಿಗಳನ್ನು ಸರಿಪಡಿಸಿದ್ದು, ಕೊಳವೆಬಾವಿ ಕೊಟ್ಟಿದ್ದು, ಇವುಗಳಿಂದ ರೋಗ ಹೋಯಿತು. 1996ರಲ್ಲಿ ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ ಕಂಡರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಅಂತ ಸಾರಿತು. ನಮ್ಮ ಬಂಕಾಪುರ ಒಂದು ಕಾಲಕ್ಕೆ ಜೈನರ ದೊಡ್ಡ ಕೇಂದ್ರ. ಗಂಗರ ಮಾರಸಿಂಹ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಇಲ್ಲೇ. ನೀರು ಗಾಳಿಸಿ ಕುಡಿಯಬೇಕು, ನೀರಿನಲ್ಲಿ ಜೀವ ಇದೆ ಅನ್ನುವುದು ಅವರ ನೇಮ. ಸೂಕ್ಷ್ಮದರ್ಶಕ ಬರುವ ಮೊದಲೇ ಆ ಮಾತು ಈ ಮಣ್ಣಲ್ಲಿ ಕೇಳಿಬಂದಿತ್ತು.

ಇನ್ನು ಮೀನು ಯಾಕೆ ಸತ್ತವು ಅನ್ನುವುದಕ್ಕೆ ಬರೋಣ. ಇದನ್ನು ನಮ್ಮ ಸಂಘದ ಕಿರ್ದಿಯ ಭಾಷೆಯಲ್ಲೇ ಹೇಳುತ್ತೇವೆ.

ಹಗಲು ಹೊತ್ತು ಸಸ್ಯಪ್ಲವಕ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಅದು ಕೆರೆಯ ಖಾತೆಗೆ ಜಮಾ. ರಾತ್ರಿ ಬಿಸಿಲಿಲ್ಲ, ಜಮಾ ನಿಂತಿತು. ಆದರೆ ಮೀನು, ಪ್ರಾಣಿಪ್ಲವಕ, ತಳದ ಕೊಳೆ, ಅದೇ ಪಾಚಿ ಸಹಿತ ಎಲ್ಲವೂ ರಾತ್ರಿಯಿಡೀ ಉಸಿರಾಡುತ್ತವೆ. ಅದು ಖರ್ಚು. ಬೆಳಗಿನ ಜಾವಕ್ಕೆ ಉಳಿದದ್ದೇ ಶಿಲ್ಕು. ಗೆಂಡೆ ಜಾತಿಯ ಮೀನಿಗೆ ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಚೆನ್ನ. ನಮ್ಮ ಬೇಸಿಗೆಯ ಬಿಸಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಏಳೂವರೆ, ಎಂಟು ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಅದು ಹಿಡಿಯುವ ಆಮ್ಲಜನಕ ಕಮ್ಮಿ. ಪಾಚಿ ಮಿತಿಯಲ್ಲಿದ್ದರೆ ಶಿಲ್ಕು ಉಳಿಯುತ್ತದೆ. ಪಾಚಿ ವಿಪರೀತ ಆದರೆ ಹಗಲು ಜಮಾ ಜೋರು, ರಾತ್ರಿ ಖರ್ಚು ಅದಕ್ಕಿಂತ ಜೋರು. ಮೂರು ದಿವಸ ಮೋಡ ಮುಚ್ಚಿದರೆ ಜಮಾ ಕಟ್ಟು, ಖರ್ಚು ಹಾಗೇ. ಒಂದು ಬೆಳಿಗ್ಗೆ ಶಿಲ್ಕು ಸೊನ್ನೆ. ನಮ್ಮ ಕೆರೆಯಲ್ಲಿ ಆದದ್ದು ಇದೇ.

ಪಿ.ಎಚ್. ಅಂತ ಒಂದು ಅಳತೆ ಇದೆ, ನೀರು ಹುಳಿಯೋ ಕ್ಷಾರವೋ ತಿಳಿಯಲಿಕ್ಕೆ. 7 ಇದ್ದರೆ ಸಮ. ಮೀನಿಗೆ ಆರೂವರೆಯಿಂದ ಎಂಟೂವರೆ ಒಳ್ಳೆಯದು. ಪಾಚಿ ಹೆಚ್ಚಾದ ಕೆರೆಯಲ್ಲಿ ಅದು ನೀರಿನೊಳಗಿನ ಇಂಗಾಲದ ಡೈ ಆಕ್ಸೈಡನ್ನು ಎಳೆದುಕೊಳ್ಳುವುದರಿಂದ ಮಧ್ಯಾಹ್ನಕ್ಕೆ ಪಿ.ಎಚ್. 9 ದಾಟಬಹುದು. ಆಗ ನೀರಿನಲ್ಲಿ ಕರಗಿದ ಅಮೋನಿಯಾ ಮೀನಿಗೆ ವಿಷವಾಗುತ್ತದೆ. ಅಂದರೆ ಬೆಳಿಗ್ಗೆ ಉಸಿರಿನ ಕಾಟ, ಮಧ್ಯಾಹ್ನ ಕ್ಷಾರದ ಕಾಟ.

ಹಾಗಾದರೆ ಪಾಚಿ ಅಷ್ಟು ಯಾಕೆ ಬೆಳೆಯಿತು? ಬೆಳೆಗೆ ಗೊಬ್ಬರ ಹಾಕಿದರೆ ಬೆಳೆಯುವಂತೆ ಪಾಚಿಗೂ ಗೊಬ್ಬರ ಸಿಕ್ಕಿತು. ಅದರಲ್ಲೂ ರಂಜಕ. ಕೆನಡಾ ದೇಶದಲ್ಲಿ 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ನಂಬರಿನ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿದರು. ಒಂದು ಬದಿಗೆ ಸಾರಜನಕ ಮತ್ತು ಇಂಗಾಲ ಹಾಕಿದರು. ಇನ್ನೊಂದು ಬದಿಗೆ ಅವೆರಡರ ಜತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಬದಿ ನೀಲಿ-ಹಸಿರು ಪಾಚಿಯಿಂದ ಹಸಿರಾಯಿತು, ಇನ್ನೊಂದು ಬದಿ ತಿಳಿಯಾಗೇ ಉಳಿಯಿತು. ಯಾಕೆಂದರೆ ಕೆಲವು ಜಾತಿಯ ನೀಲಿ-ಹಸಿರು ಪಾಚಿ ಸಾರಜನಕವನ್ನು ಗಾಳಿಯಿಂದಲೇ ಹಿಡಿಯುತ್ತವೆ. ಭತ್ತದ ಗದ್ದೆಯಲ್ಲಿ ಅಜೋಲ್ಲಾ ಬೆಳೆಸುವವರಿಗೆ ಇದು ಗೊತ್ತು, ಅಜೋಲ್ಲಾದ ಎಲೆಯೊಳಗೆ ಕೂತು ಸಾರಜನಕ ಕೊಡುವುದು ಅಂಥದೇ ಪಾಚಿ. ಆದರೆ ರಂಜಕ ಗಾಳಿಯಲ್ಲಿ ಸಿಗುವುದಿಲ್ಲ. ಅದು ನಮ್ಮಿಂದಲೇ ಹೋಗಬೇಕು.

ಈಗ ಸಂಘದ ವಿಷಯಕ್ಕೆ ಬಂದೆವು. 25 ವರ್ಷದಲ್ಲಿ ಇಷ್ಟು ಚೀಲ ಗೊಬ್ಬರ ಮಾರಿದೆವು ಅಂತ ವರದಿ ಓದಿದಾಗ ತಾವೆಲ್ಲ ಚಪ್ಪಾಳೆ ತಟ್ಟಿದಿರಿ. ನಾವೂ ತಟ್ಟಿದೆವು. ಸಂಘ ಸಕಾಲಕ್ಕೆ ಗೊಬ್ಬರ ಕೊಟ್ಟಿದ್ದಕ್ಕೇ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆದೆವು, ಮಕ್ಕಳನ್ನು ಓದಿಸಿದೆವು. ಅದನ್ನು ಹಳಿಯುವುದಿಲ್ಲ. ಆದರೆ ಒಂದು ಲೆಕ್ಕ ಕೇಳಿರಿ. 50 ಕಿಲೋ ಡಿ.ಎ.ಪಿ. ಚೀಲದಲ್ಲಿ ಶೇಕಡಾ 46 ರಂಜಕದ ಅಂಶ ಅಂತ ಬರೆದಿರುತ್ತದೆ. ಅದರೊಳಗಿನ ಶುದ್ಧ ರಂಜಕ ಸುಮಾರು 10 ಕಿಲೋ. ಲೀಟರ್ ನೀರಿಗೆ ಸುಮಾರು 0.03 ಮಿಲಿಗ್ರಾಂ ರಂಜಕ ದಾಟಿತೆಂದರೆ ಕೆರೆ ಹಸಿರಾಗುವ ಹಾದಿ ಹಿಡಿಯುತ್ತದೆ. ಭಾಗಿಸಿ ನೋಡಿದರೆ ಆ ಒಂದು ಚೀಲದ ರಂಜಕ 33 ಕೋಟಿ ಲೀಟರ್ ನೀರಿಗೆ ಸಾಕು. ಅಂದರೆ 80 ಎಕರೆ ಕೆರೆಯಲ್ಲಿ ಒಂದು ಮೀಟರ್ ಆಳ ನಿಂತ ನೀರು. ಒಂದೇ ಚೀಲ! ನಾವು ಈ ಲೆಕ್ಕ ಎರಡು ಸಲ ಮಾಡಿದೆವು, ನಂಬಿಕೆ ಬರಲಿಲ್ಲ ಅಂತ ಹೈಸ್ಕೂಲ್ ಮಾಸ್ತರರ ಕಡೆ ಒಯ್ದು ತೋರಿಸಿದೆವು. ಸರಿ ಇದೆ ಅಂದರು.

ಹಾಕಿದ್ದೆಲ್ಲ ಕೆರೆಗೆ ಹೋಗುತ್ತದೆ ಅಂತ ಅಲ್ಲ. ರಂಜಕಕ್ಕೆ ಮಣ್ಣನ್ನು ಕಚ್ಚಿಕೊಳ್ಳುವ ಗುಣ ಇದೆ. ಬೆಳೆ ತಿಂದು ಉಳಿದದ್ದು ಮಣ್ಣಿನಲ್ಲೇ ಇರುತ್ತದೆ. ಆದರೆ ಮುಂಗಾರಿನ ದೊಡ್ಡ ಮಳೆಗೆ ಒಡ್ಡು ಒಡೆದು ಮಣ್ಣು ಹರಿದರೆ ಮಣ್ಣಿನ ಜತೆ ರಂಜಕವೂ ಕೆರೆಗೆ. ಊರ ಗಟಾರದ ನೀರು, ಸಾಬೂನು, ಸಗಣಿ ಇವೂ ಕೂಡುತ್ತವೆ. ಹೂಳಿನಲ್ಲಿ ಕೂತ ರಂಜಕ ಅಲ್ಲೇ ಸುಮ್ಮನಿರುವುದಿಲ್ಲ. ತಳದಲ್ಲಿ ಆಮ್ಲಜನಕ ಮುಗಿದಾಗ ಅದು ಕಬ್ಬಿಣದ ಅಂಶದಿಂದ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಹಳೆಯ ಕಟಬಾಕಿ ಇದ್ದಂತೆ. ಈ ವರ್ಷ ಗೊಬ್ಬರ ಕಡಿಮೆ ಮಾಡಿದರೂ ಹಿಂದಿನ ಬಾಕಿ ವರ್ಷಗಟ್ಟಲೆ ಕಾಡುತ್ತದೆ.

ಹಿರಿಯರು ಇದಕ್ಕೆ ದಾರಿ ಇಟ್ಟಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಹೂಡಿ ಗೋಡುಮಣ್ಣು ಹೊಲಕ್ಕೆ ಹೇರುತ್ತಿದ್ದರು. ಹೊಲದಿಂದ ಕೆರೆಗೆ ಹೋದದ್ದು ತಿರುಗಿ ಹೊಲಕ್ಕೆ ಬರುತ್ತಿತ್ತು. ಚೀಲದ ಗೊಬ್ಬರ ಬಂದ ಮೇಲೆ ನಾವು ಗೋಡು ಹೇರುವುದನ್ನು ಬಿಟ್ಟೆವು. ಕೆರೆ ತುಂಬುತ್ತಾ ಬಂತು, ನೀರು ತೆಳ್ಳಗಾಯಿತು, ಬೇಗ ಕಾಯಿತು, ಬೇಗ ಹಸಿರಾಯಿತು.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಹಾನಗಲ್ಲ, ಸವಣೂರ ಕಡೆಯ ಹಳ್ಳಗಳು ವರದಾ ನದಿಗೆ ಕೂಡುತ್ತವೆ, ವರದೆ ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತಾಳೆ, ಮುಂದೆ ಹೊಸಪೇಟೆಯ ಅಣೆಕಟ್ಟು. 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಈಚಿನ ವರ್ಷಗಳಲ್ಲಿ ಆ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿಯನ್ನು ತಾವು ಪತ್ರಿಕೆಯಲ್ಲಿ ಓದಿದ್ದೀರಿ. ಆ ಹೂಳಿನಲ್ಲಿ ನಮ್ಮ ಹೊಲದ ಮಣ್ಣಿನ ಪಾಲೂ ಇದೆ.

ಹಸಿರಾಗುವುದರಲ್ಲಿ ಇನ್ನೊಂದು ಭಯ ಇದೆ. ಕೆಲವು ನೀಲಿ-ಹಸಿರು ಪಾಚಿಗಳು ವಿಷ ಬಿಡುತ್ತವೆ. ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆಗಟ್ಟಿ ದಂಡೆಗೆ ಬಂದು ನಿಲ್ಲುವುದು ಅದರ ಗುರುತು. ಆಸ್ಟ್ರೇಲಿಯಾದ ಒಂದು ಸರೋವರದಲ್ಲಿ ಇಂಥ ನೀರು ಕುಡಿದು ದನ, ಕುರಿ ಸತ್ತದ್ದನ್ನು 1878ರಲ್ಲೇ ಬರೆದಿಟ್ಟಿದ್ದಾರೆ. 2020ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತವು. ಕುಡಿಯುವ ಹೊಂಡಗಳ ನೀಲಿ-ಹಸಿರು ಪಾಚಿಯ ವಿಷವೇ ಕಾರಣ ಅಂತ ಆ ಸರಕಾರ ಹೇಳಿತು. ಕುದಿಸಿದರೂ ಈ ವಿಷ ಹೋಗುವುದಿಲ್ಲ. ಆದ್ದರಿಂದ ದಂಡೆಯಲ್ಲಿ ಅಂಥ ಕೆನೆ ಕಂಡ ದಿವಸ ದನಕ್ಕೆ ಅಲ್ಲಿ ನೀರು ಕುಡಿಸಬೇಡಿರಿ. ನಮ್ಮ ಕೋಟೆಯ ನವಿಲುಗಳಿಗೆ ಇದನ್ನು ಯಾರೂ ಹೇಳಲಾರರು. ದನಕರುಗಳಿಗಾದರೂ ನಾವು ನೋಡಿಕೊಳ್ಳಬೇಕು. ಮೈಲುತುತ್ತ ಸುರಿದರೆ ಪಾಚಿ ಸಾಯುತ್ತದೆ ಅಂತ ಕೆಲವರು ಹೇಳುತ್ತಾರೆ. ಸಾಯುತ್ತದೆ ನಿಜ. ಆದರೆ ಸಾಯುವಾಗ ಒಳಗಿನ ವಿಷವನ್ನೆಲ್ಲ ನೀರಿಗೆ ಬಿಡುತ್ತದೆ, ಕೊಳೆತು ಆಮ್ಲಜನಕವನ್ನೂ ಮುಗಿಸುತ್ತದೆ. ಅಂಥ ಕೆಲಸಕ್ಕೆ ಕೈ ಹಾಕಬೇಡಿರಿ.

ಹಾಗಾದರೆ ಏನು ಮಾಡಬೇಕು? ನಾವು ನಾಲ್ಕು ಮಾತು ಸಂಘದ ಮುಂದೆ ಇಡುತ್ತೇವೆ.

ಮೊದಲನೆಯದು, ಮಣ್ಣು ಪರೀಕ್ಷೆ ಇಲ್ಲದೆ ಡಿ.ಎ.ಪಿ. ಹಾಕುವುದು ಬೇಡ. 2015ರಿಂದ ಸರಕಾರದ ಮಣ್ಣು ಆರೋಗ್ಯ ಕಾರ್ಡು ಇದೆ, ಬಹಳ ಮಂದಿಯ ಮನೆಯಲ್ಲಿ ಅದು ಪೆಟ್ಟಿಗೆಯಲ್ಲಿದೆ. ತೆಗೆದು ನೋಡಿರಿ. ರಂಜಕ ಸಾಕಷ್ಟು ಇದ್ದರೆ ಚೀಲ ಕಡಿಮೆ ಮಾಡಿರಿ. ಹಾಕುವುದನ್ನು ಚೆಲ್ಲದೆ ಕೂರಿಗೆಯಲ್ಲಿ ಬೀಜದ ಕೆಳಗೆ ಬೀಳುವಂತೆ ಹಾಕಿರಿ. ಗೊಬ್ಬರ ಕಡಿಮೆ ಮಾರಾಟವಾದರೆ ಸಂಘದ ಕಮಿಷನ್ ಇಳಿಯುತ್ತದೆ. ಇಳಿಯಲಿ. ನಿರ್ದೇಶಕರಾಗಿ ನಾವು ಈ ಮಾತನ್ನು ತಿಳಿದೇ ಹೇಳುತ್ತಿದ್ದೇವೆ. ಉಳಿದ ದುಡ್ಡು ಸದಸ್ಯರ ಕಿಸೆಯಲ್ಲೇ ಇರುತ್ತದೆ, ಸಂಘ ಅಂದರೂ ಸದಸ್ಯರೇ.

ಎರಡನೆಯದು, ಒಡ್ಡು. ಕೆರೆಗೆ ನೀರು ಬರುವ ಹೊಲಗಳ ಒಡ್ಡು ಗಟ್ಟಿ ಇರಬೇಕು, ಕೆರೆ ಅಂಗಳದಲ್ಲಿ ನೀರಿನ ಅಂಚಿನ ತನಕ ನೇಗಿಲು ಹೊಡೆಯಬಾರದು. ಒಂದು ಪಟ್ಟಿ ಹುಲ್ಲು ಬಿಟ್ಟರೆ ಮಣ್ಣು ಅಲ್ಲೇ ನಿಲ್ಲುತ್ತದೆ, ದನಕ್ಕೆ ಮೇವೂ ಆಗುತ್ತದೆ. ಅಂಗಳದಲ್ಲಿ ಬಿತ್ತುವವರಲ್ಲಿ ನಮ್ಮ ಅಣ್ಣತಮ್ಮಂದಿರೂ ಇದ್ದಾರೆ. ಅವರಿಗೆ ಮನೆಯಲ್ಲಿ ಹೇಳಿದ್ದೇವೆ, ಇಲ್ಲಿ ಎಲ್ಲರೆದುರು ಮತ್ತೆ ಹೇಳುತ್ತೇವೆ.

ಮೂರನೆಯದು, ಗೋಡುಮಣ್ಣು. ಬೇಸಿಗೆಯಲ್ಲಿ ಅನುಮತಿ ತೆಗೆದುಕೊಂಡು ಹೂಳು ಹೇರುವ ಸದಸ್ಯರಿಗೆ ಟ್ರ್ಯಾಕ್ಟರ್ ಬಾಡಿಗೆಗೆ ಸಂಘ ಸಣ್ಣ ಸಾಲ ಕೊಡಬಹುದು. ಮಸಾರಿ ಹೊಲದವರಿಗೆ ಇದರಿಂದ ಲಾಭ ಹೆಚ್ಚು.

ನಾಲ್ಕನೆಯದು ಖರ್ಚಿಲ್ಲದ್ದು. ಆ ಅಧಿಕಾರಿ ನಮಗೆ ಕಲಿಸಿದರು. ದಂಡೆಯಿಂದ ಸ್ವಲ್ಪ ಒಳಗೆ ನಿಂತು ಮೊಣಕೈ ತನಕ ತೋಳು ಮುಳುಗಿಸಿ ಅಂಗೈ ನೋಡಬೇಕು. ಅಂಗೈ ಮಸುಕಾಗಿ ಕಂಡೂ ಕಾಣದಂತೆ ಇದ್ದರೆ ಪ್ಲವಕ ಹದವಾಗಿದೆ. ಪೂರ್ತಿ ತಿಳಿಯಾಗಿ ಕಂಡರೆ ಮೀನಿಗೆ ಮೇವು ಕಡಿಮೆ, ಸ್ವಲ್ಪ ಕೊಳೆತ ಗೊಬ್ಬರ ಹಾಕಬಹುದು. ಮೊಣಕೈಗೆ ಬರುವ ಮೊದಲೇ ಹಸಿರಲ್ಲಿ ಅಂಗೈ ಮುಚ್ಚಿಹೋದರೆ ಅಪಾಯ. ಆಗ ಮೀನಿಗೆ ಮೇವು, ಸಗಣಿ ಎಲ್ಲ ನಿಲ್ಲಿಸಿ, ಬೆಳಗಿನ ಜಾವ ಪಂಪಿನಿಂದ ನೀರನ್ನು ಮೇಲಕ್ಕೆ ಹಾರಿಸಿ ಕೆರೆಗೇ ಬೀಳಿಸಿದರೆ ಗಾಳಿ ಬೆರೆತು ಮೀನು ಬದುಕುತ್ತವೆ. 1865ರಲ್ಲಿ ಇಟಲಿಯ ಸೆಕ್ಕಿ ಅನ್ನುವ ಪಾದ್ರಿ ಬಿಳಿ ಬಿಲ್ಲೆ ಮುಳುಗಿಸಿ ನೀರಿನ ತಿಳಿ ಅಳೆದರು. ಇವತ್ತಿಗೂ ವಿಜ್ಞಾನಿಗಳು ಅಂಥ ಬಿಲ್ಲೆಯನ್ನೇ ಬಳಸುತ್ತಾರೆ. ನಮಗೆ ಅಂಗೈಯೇ ಬಿಲ್ಲೆ. ಒಂದು ಸೂಚನೆ: ಬಗ್ಗಡದ ಕೆಂಪು ನೀರಿನಲ್ಲಿ ಈ ಪರೀಕ್ಷೆ ನಡೆಯದು. ಹಸಿರು ಕೆನೆ ಕಟ್ಟಿದ ನೀರಿಗೆ ಕೈ ಹಾಕಲೂ ಬಾರದು. ವಾರಕ್ಕೊಮ್ಮೆ ದೊಡ್ಡವರೊಬ್ಬರು ನೋಡಿ ಸಂಘದ ಕರಿಹಲಗೆಯ ಮೇಲೆ, ಗೊಬ್ಬರದ ದರದ ಪಕ್ಕದಲ್ಲೇ ಬರೆದರೆ ಊರಿಗೆಲ್ಲ ತಿಳಿಯುತ್ತದೆ.

ಕೊನೆಗೆ ಒಂದು ಮಾತು. ಆ ದಿವಸ ನಾವು ಯಾರ ಮೇಲೆ ಸಂಶಯ ಪಟ್ಟೆವೋ ಅವರ ಮನೆಗೆ ಆಮೇಲೆ ಹೋಗಿ "ತಪ್ಪಾಯ್ತು ತಮ್ಮಾ" ಅಂದೆವು. ಚಹಾ ಕೊಟ್ಟರು. "ಇರ್ಲಿ ಬಿಡ್ರಿ ಕಾಕಾ" ಅಂದರು. ಆದರೆ ಮೊದಲಿನಂತೆ ಸಲಿಗೆಯಿಂದ ಮಾತಾಡಲು ಬಹಳ ದಿವಸ ಹಿಡಿಯಿತು. ಬಲ್ಲವರನ್ನು ಕೇಳದೆ ಆಡಿದ ಒಂದು ಮಾತಿಗೆ ಅಷ್ಟು ದಂಡ ತೆತ್ತೆವು. ಅವರೂ ನಮ್ಮ ಸಂಘದ ಸದಸ್ಯರು, ಇವತ್ತು ಈ ಸಭೆಯಲ್ಲಿ ಕೂತಿದ್ದಾರೆ. ಅವರ ಎದುರಿಗೇ ಇದನ್ನು ಹೇಳಬೇಕು ಅಂತಲೇ ನಾವು ಈ ವಿಷಯ ಆರಿಸಿಕೊಂಡದ್ದು.

ಸಂಘದ ಲೆಕ್ಕವನ್ನು ಪ್ರತಿ ವರ್ಷ ಸರ್ವಸಾಧಾರಣ ಸಭೆಯಲ್ಲಿ ಓದಿ ಮಂಜೂರು ಪಡೆಯುತ್ತೇವೆ. ಬರುವ ವರ್ಷದಿಂದ ಆ ಲೆಕ್ಕದ ಕೆಳಗೆ ಎರಡು ಸಾಲು ಕೆರೆಯದೂ ಇರಲಿ. ಎಷ್ಟು ಗಾಡಿ ಹೂಳು ತೆಗೆದೆವು, ನೀರು ಎಷ್ಟು ಸಲ ಹಸಿರಾಯಿತು. ತಾವು ಒಪ್ಪಿದರೆ ಮುಂದಿನ ಸಭೆಯಲ್ಲಿ ಠರಾವು ಮಂಡಿಸುತ್ತೇವೆ.